ಎಡ ಅಂಚಿನ ಮನುಷ್ಯ

ಮೊಳೆಯಿಂದ ಫ್ರೇಮು ಎತ್ತುವಾಗ ಹಿಂದಿನ ತಂತಿ ಸಿಕ್ಕಿಕೊಂಡಿತು. ಮಾನಸ ಒಮ್ಮೆ ಜಗ್ಗಿದಳು, ಬರಲಿಲ್ಲ. ಎರಡನೇ ಸಲ ಜಗ್ಗಿದಾಗ ಮೊಳೆಯೇ ಒಂದು ಹಿಡಿ ಗಾರೆಯ ಸಮೇತ ಕಿತ್ತುಕೊಂಡು ಬಂದು ನೆಲಕ್ಕೆ ಬಿತ್ತು. ಫೋಟೋ ಪ್ರದರ್ಶನ ನೋಡುತ್ತಿದ್ದ ಏಳೆಂಟು ಜನ ತಿರುಗಿದರು. ಅವಳು ಯಾರ ಮುಖವನ್ನೂ ನೋಡದೆ, ಎರಡು ಅಡಿ ಅಗಲದ ಫ್ರೇಮನ್ನು ಎದೆಗೆ ಒತ್ತಿ ಹಿಡಿದು ಕಿಟಕಿಯ ಬಳಿಗೆ ನಡೆದಳು.

“ಏ ಮಾನಸ, ಏನ್ ಮಾಡ್ತಾ ಇದೀಯ?” ಕೊಟ್ರೇಶ್ ಗಮ್ ಟೇಪಿನ ಸುರುಳಿ ಕೈಯಲ್ಲಿ ಹಿಡಿದುಕೊಂಡೇ ಓಡಿ ಬಂದ. “ಫಸ್ಟ್ ಪ್ರೈಜ್ ಕಣೇ ಅದು. ಐದು ಗಂಟೆಗೆ ಗೆಸ್ಟ್ ಬರ್ತಾರೆ. ವಾಪಸ್ ನೇತಾಕು ಮೊದ್ಲು.”

“ಇಲ್ಲಿ ಬಾ.”

“ಗೋಡೆ ನೋಡು ಹೆಂಗಾಗಿದೆ. ಹಾಲ್‌ನೋರು ಬಾಯಿಗೆ ಬಂದಂಗೆ ಬೈತಾರೆ.”

“ಬಾ ಅಂದ್ನಲ್ಲ.”

ಫ್ರೇಮನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ವೇಲಿನ ತುದಿಯಿಂದ ಗಾಜು ಒರೆಸಿದಳು. ಕಪ್ಪು ಬಿಳುಪು ಚಿತ್ರ. ಹಳೆಯ ಕಾಲದ ಕ್ಷೌರದಂಗಡಿ. ಮರದ ಕೈಗಳಿರುವ ಕುರ್ಚಿ. ಕುರ್ಚಿಯ ಮೇಲೆ ಬಾಗಿಲಿನಿಂದ ಬಿದ್ದ ಒಂದು ಚೌಕ ಬಿಸಿಲು. ಅದರ ಮುಂದೆ ಅಲ್ಲಲ್ಲಿ ರಸ ಹೋದ ದೊಡ್ಡ ಕನ್ನಡಿ. ಎಲ್ಲೂ ಮನುಷ್ಯರಿಲ್ಲ. ಕೆಳಗಿನ ಚೀಟಿಯಲ್ಲಿ ‘ಖಾಲಿ ಕುರ್ಚಿ, ಎಚ್. ದೇವೇಂದ್ರಪ್ಪ’ ಎಂದಿತ್ತು.

“ಕನ್ನಡಿಯ ಕೆಳಮೂಲೆ ನೋಡು. ಎಡಗಡೆ.”

ಕೊಟ್ರೇಶ್ ಬಗ್ಗಿದ. “ಗ್ಲಾಸು.”

“ಇನ್ನೇನಿದೆ?”

“ಗ್ಲಾಸ್ ಹಿಡ್ಕೊಂಡಿರೋ ಕೈ.” ಕೈಯ ಯಜಮಾನ ಕನ್ನಡಿಯ ಹೊರಗೆ ಎಲ್ಲಿ ಕೂತಿರಬೇಕೋ ಆ ಜಾಗಕ್ಕೆ ಅವನ ಕಣ್ಣು ಹೋಯಿತು. ಅಲ್ಲಿ ಬರೀ ಗೋಡೆ. ಅವನು ಮೆಲ್ಲಗೆ ಶಿಳ್ಳೆ ಹಾಕಿದ. “ಥೋ. ದೇವೇಂದ್ರಪ್ಪ ಸಾರ್ ಮನುಷ್ಯನ್ನ ಅಳಿಸಿದಾರೆ, ಕನ್ನಡಿ ಒಳಗಿರೋನ್ನ ಮರ್ತೇಬಿಟ್ಟಿದಾರೆ. ಮೂರು ಜನ ಜಡ್ಜ್‌ಗಳು ಗುರು, ಒಬ್ರಿಗೂ ಕಾಣಿಸಿಲ್ಲ.” ಅವನಿಗೆ ನಗು ಬಂದುಬಿಟ್ಟಿತು.

“ಬೆರಳು ಎಣಿಸು.”

“ಏನು?”

“ಆ ಕೈಯಲ್ಲಿ ಎಷ್ಟು ಬೆರಳಿದೆ, ಎಣಿಸು.”

ಹೆಬ್ಬೆರಳು, ತೋರುಬೆರಳು, ನಡುಬೆರಳು. ಅಲ್ಲಿಗೆ ಮುಗಿಯಿತು. ಉಳಿದೆರಡರ ಜಾಗದಲ್ಲಿ ಮೊಂಡು ಗೆಣ್ಣು. ಜೂನ್ ತಿಂಗಳಲ್ಲಿ ಹೇರೋಹಳ್ಳಿಯ ಮನೆಯ ಮುಂದೆ, ಹೂವಿನ ಹಾರ ಹಿಡಿದು ನಿಂತಾಗ ಕೊಟ್ರೇಶ್ ಆ ಕೈಯನ್ನು ನೋಡಿದ್ದ. ಯಾರೋ ಅದನ್ನು ಮತ್ತೆ ಮತ್ತೆ ಬಿಳಿ ಬಟ್ಟೆಯ ಒಳಕ್ಕೆ ತಳ್ಳುತ್ತಿದ್ದರು, ಅದು ಮತ್ತೆ ಮತ್ತೆ ಹೊರಗೆ ಜಾರುತ್ತಿತ್ತು. ಅವನ ನಗು ನಿಂತಿತು.

“ನಿಮ್ಮಪ್ಪಾಜಿನಾ?”

“ದೇವೇಂದ್ರಪ್ಪ ಸಾರ್ ಎಲ್ಲಿ?”

“ಊಟಕ್ಕೆ ಮನೆಗೆ ಹೋದ್ರು. ನಾಲ್ಕೂವರೆಗೆ ಬರ್ತಾರೆ. ತಾಳು ಮಾನಸ, ಸುಮ್ನೆ...”

“ಗಾಡಿ ತೆಗಿ.”

ಮಾನಸಳ ಅಪ್ಪ ನಂಜುಂಡಪ್ಪ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಪ್ರೆಸ್ ಶಾಪಿನಲ್ಲಿ ಇಪ್ಪತ್ತಾರು ವರ್ಷ ತಗಡು ಒತ್ತಿದ. ಹೇರೋಹಳ್ಳಿಯ ಹೊಲ ಅವನ ಅಪ್ಪನ ಕಾಲಕ್ಕೇ ಸೈಟುಗಳಾಗಿತ್ತು, ಕೈಯಲ್ಲಿ ಉಳಿದದ್ದು ಮನೆ ಮತ್ತು ಒಂದು ಸೈಕಲ್ಲು. ಮಾನಸಳಿಗೆ ನಾಲ್ಕು ವರ್ಷವಾಗಿದ್ದಾಗ ಎಡಗೈಯ ಎರಡು ಬೆರಳು ಮೆಷಿನ್ನಿನ ಕೆಳಗೆ ಹೋದವು. ಅದರ ಬಗ್ಗೆ ಅವನು ಒಂದು ದಿನವೂ ಗೊಣಗಿದವನಲ್ಲ. ಆದರೆ ಅಂದಿನಿಂದ ಆ ಕೈ ಯಾವ ಕ್ಯಾಮೆರಾಕ್ಕೂ ಸಿಗಲಿಲ್ಲ. ನೆಂಟರ ಮದುವೆಯ ಫೋಟೋಗಳಲ್ಲಿ ಅದು ಶಲ್ಯದ ಕೆಳಗಿದೆ, ಮಗಳ ಕಾಲೇಜಿನ ಫೋಟೋದಲ್ಲಿ ಬೆನ್ನ ಹಿಂದೆ, ತಿರುಪತಿಯ ಫೋಟೋದಲ್ಲಿ ಜೇಬಿನಲ್ಲಿ. ಮಾನಸ ಮಾಗಡಿ ರಸ್ತೆಯ ನರ್ಸಿಂಗ್ ಹೋಮಿನಲ್ಲಿ ಎಕ್ಸ್-ರೇ ಕೆಲಸಕ್ಕೆ ಸೇರಿ, ಆರು ವರ್ಷದ ಮೇಲೆ ಕ್ಯಾಮೆರಾ ಕೊಂಡು, ಮೊದಲ ದಿನ ಅಪ್ಪನತ್ತ ತಿರುಗಿಸಿದಾಗ ಅವನು, “ಅದ್ನ ಆ ಕಡೀಕ್ ತಿರುಗ್ಸವ್ವ” ಎಂದು ಎದ್ದು ಹೊರಗೆ ಹೋದ. ಆಮೇಲೆ ಅವಳು ಕೇಳಲೂ ಇಲ್ಲ. ಹೇರೋಹಳ್ಳಿ ಕೆರೆಯ ಕೊಕ್ಕರೆ, ವಿಜಯನಗರ ಮಾರ್ಕೆಟ್ಟಿನ ಹೂವಿನವರು, ಮೆಟ್ರೋ ಕಂಬದ ನೆರಳು ಎಲ್ಲ ಸೇರಿ ಅವಳ ಹಾರ್ಡ್ ಡಿಸ್ಕಿನಲ್ಲಿ ನಲವತ್ತು ಸಾವಿರ ಚಿತ್ರಗಳಿದ್ದವು. ಅಪ್ಪನದು ಒಂದೂ ಇರಲಿಲ್ಲ.

ಹಳೆಯ ಗುಂಪು ಫೋಟೋಗಳಲ್ಲಿ ಮುಖ ತೀರಾ ಚಿಕ್ಕದಿದ್ದುದರಿಂದ, ಅಪ್ಪ ಸತ್ತ ದಿನ ಬೀದಿ ತುದಿಯಲ್ಲಿ ಕಟ್ಟಿದ ಫ್ಲೆಕ್ಸಿಗೆ ಆಧಾರ್ ಕಾರ್ಡಿನ ಫೋಟೋವನ್ನೇ ದೊಡ್ಡದು ಮಾಡಿಸಬೇಕಾಯಿತು. ಬೂದಿ ಬಳಿದ ಕುಂಬಳಕಾಯಿಯ ಹಾಗಿತ್ತು ಮುಖ. ಸೋದರತ್ತೆ ಇಂದ್ರಮ್ಮ ಅದರ ಕೆಳಗೆ ನಿಂತು, ಬಂದವರೆಲ್ಲ ಕೇಳುವ ಹಾಗೆ ಹೇಳಿದ್ದಳು: “ಫೋಟೋ ತೆಗೆಯೋಳ್ನ ಮನೇಲೇ ಇಟ್ಕಂಡು, ನಮ್ಮಣ್ಣಂಗೆ ಇದಾ ಸಿಕ್ಕಿದ್ದು.”

ಆ ಮಾತು ಎರಡು ತಿಂಗಳಿಂದ ಅವಳ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತಿತ್ತು.

ಇವತ್ತು ಮಧ್ಯಾಹ್ನ ಪ್ರದರ್ಶನಕ್ಕೆ ಹೊರಟವಳು ದಾರಿಯಲ್ಲಿ ಬೈರಯ್ಯನ ಅಂಗಡಿಯ ಮುಂದೆ ನಿಂತಿದ್ದಳು. ಬೈರಯ್ಯ ಅವಳ ಅಪ್ಪನಿಗೆ ನಲವತ್ತು ವರ್ಷ ಕ್ಷೌರ ಮಾಡಿದವನು. ಆಮಂತ್ರಣ ಪತ್ರದ ಮೇಲೆ ಅವನ ಅಂಗಡಿಯ ಚಿತ್ರವೇ ಅಚ್ಚಾಗಿದ್ದರಿಂದ, ಕೊಟ್ಟು ಹೋಗೋಣ, ಖುಷಿಪಡುತ್ತಾನೆ ಎಂದುಕೊಂಡಿದ್ದಳು. ಬೈರಯ್ಯ ಪತ್ರವನ್ನು ದೂರ ಹಿಡಿದು ನೋಡಿದ, ಹತ್ತಿರ ಹಿಡಿದು ನೋಡಿದ. ಆಮೇಲೆ ತಿರುಗಿಸಿ ಹಿಂಬದಿಯನ್ನೂ ನೋಡಿದ.

“ನಂಜಣ್ಣ ಎಲ್ಲವ್ವ?”

“ಯಾವ ನಂಜಣ್ಣ?”

“ನಿಮ್ಮಪ್ಪ ಕಣವ್ವ. ಆ ದಪ್ಪ ಕನ್ನಡಕದ ಯಜಮಾನ್ರು ಫೋಟೋ ಹೊಡೆದಾಗ ಇಲ್ಲೇ ಬೆಂಚ್ ಮ್ಯಾಲೆ ಕುಂತಿದ್ನಲ್ಲ, ಕಾಪಿ ಕುಡ್ಕಂಡು. ಎಷ್ಟು ನಗ್ತಿದ್ದ ಅಂತೀಯ. ‘ಮಗಳು ಕೇಳುದ್ರೆ ಮಖ ತಿರುಗುಸ್ತೀನಿ, ಈ ಯಪ್ಪ ಕೇಳ್ನೂ ಇಲ್ಲ, ಹೊಡೆದೇಬುಟ್ಟ’ ಅಂತ. ಕೈ ಎತ್ತಿ ಅವ್ರಿಗೆ ‘ಬತ್ತೀರಾ ಕಾಪಿಗೆ’ ಅಂತ ಲೋಟ ಬೇರೆ ತೋರಿಸ್ದ.” ಬೈರಯ್ಯ ಮತ್ತೊಮ್ಮೆ ಪತ್ರ ತಿರುಗಿಸಿದ, ಉಳಿದರ್ಧ ಆ ಕಡೆ ಇರಬಹುದೇನೋ ಎಂಬಂತೆ. “ಇದ್ರಲ್ಲಿ ಇಲ್ವಲ್ಲ.”

ಅಲ್ಲಿಂದ ಹಾಲ್‌ವರೆಗೆ ಆಟೋದಲ್ಲಿ ಬಂದದ್ದು ಅವಳಿಗೆ ನೆನಪಿಲ್ಲ.

ಈಗ ಕೊಟ್ರೇಶನ ಸ್ಕೂಟರಿನ ಹಿಂದೆ, ಇಬ್ಬರ ನಡುವೆ ಫ್ರೇಮು ಅಡ್ಡ ಇಟ್ಟುಕೊಂಡು ಕೂತಾಗ, ಗಾಜಿನ ಅಂಚು ಹೊಟ್ಟೆಗೆ ಒತ್ತುತ್ತಿತ್ತು. ಹೌಸಿಂಗ್ ಬೋರ್ಡ್ ಸಿಗ್ನಲ್ಲಿನಲ್ಲಿ ಗಾಡಿ ನಿಂತಿತು. ಕೊಟ್ರೇಶ್ ಹೆಲ್ಮೆಟ್ಟಿನ ಒಳಗಿಂದಲೇ ಕತ್ತು ತಿರುಗಿಸಿದ.

“ಒಂದ್ ಮಾತು ಕೇಳ್ಲಾ? ಏಪ್ರಿಲ್‌ನಲ್ಲಿ ಇದು ಸ್ಕ್ರೀನ್ ಮೇಲೆ ಬಂದಾಗ ನೀನೂ ಇದ್ದೆ.”

“ಇದ್ದೆ.”

“ಅವಾಗ ಎಡಗಡೆ ಮನುಷ್ಯ ಇದ್ದ. ನಂಗೆ ನೆನಪಿದೆ.”

“ಸಿಗ್ನಲ್ ಬಿಡ್ತು ನೋಡು.”

ಬಿಟ್ಟಿರಲಿಲ್ಲ. ಇನ್ನೂ ನಲವತ್ತು ಸೆಕೆಂಡು ಇತ್ತು. ಆ ನಲವತ್ತು ಸೆಕೆಂಡೂ ಅವಳು ಅವನ ಬೆನ್ನನ್ನು ದ್ವೇಷಿಸಿದಳು.

‘ಬೆಳಕಿಂಡಿ’ ಹವ್ಯಾಸಿ ಛಾಯಾಗ್ರಾಹಕರ ಬಳಗ ಪ್ರತಿ ತಿಂಗಳ ಎರಡನೇ ಭಾನುವಾರ ಬಸವೇಶ್ವರನಗರದ ಒಂದು ಯೋಗಶಾಲೆಯ ಮೇಲ್ಮಹಡಿಯಲ್ಲಿ ಸೇರುತ್ತದೆ. ನಿವೃತ್ತ ಅಧಿಕಾರಿಗಳು, ಇಬ್ಬರು ಇಂಜಿನಿಯರುಗಳು, ಒಬ್ಬ ಮೆಡಿಕಲ್ ಸ್ಟೋರಿನವನು, ಪಿಯು ಕಾಲೇಜಿನಲ್ಲಿ ಪಾಠ ಮಾಡುವ ಮಾಲವಿಕಾ, ಹೀಗೆ ಇಪ್ಪತ್ತು ಜನ. ಚಿತ್ರಗಳನ್ನು ಹೆಸರಿಲ್ಲದೆ ಪರದೆಯ ಮೇಲೆ ಬಿಡುತ್ತಾರೆ. ತೆಗೆದವರು ಎಲ್ಲರ ಮಾತು ಮುಗಿಯುವ ತನಕ ತುಟಿ ಬಿಚ್ಚುವ ಹಾಗಿಲ್ಲ. ಮೂರು ವರ್ಷದ ಹಿಂದೆ ಯಾರೋ ಬಳಗದ ಲ್ಯಾಪ್‌ಟಾಪಿನಲ್ಲಿದ್ದ ಬೇರೊಬ್ಬರ ಮಿಂಚುಳ್ಳಿ ಚಿತ್ರವನ್ನು ಸ್ಪರ್ಧೆಗೆ ಕಳಿಸಿ ಬಹುಮಾನವಾಗಿ ಮಿಕ್ಸಿ ಗೆದ್ದುಬಿಟ್ಟರು. ದೊಡ್ಡ ಜಗಳವಾಯಿತು. ಊರೆಲ್ಲ ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ, ಅಂದಿನಿಂದ ಸಭೆ ಮುಗಿದ ಕೂಡಲೇ ಆ ಲ್ಯಾಪ್‌ಟಾಪಿನಿಂದ ಆ ತಿಂಗಳ ಚಿತ್ರಗಳನ್ನೆಲ್ಲ ಎಲ್ಲರ ಕಣ್ಣ ಮುಂದೆ ಅಳಿಸಬೇಕು ಎಂಬ ನಿಯಮ ಬಂತು. ಗುಂಡಿ ಒತ್ತುವವನು ಕೊಟ್ರೇಶ್. “ಹೋಯ್ತಾ?” ಎಂದು ಯಾರಾದರೂ ಕೇಳುತ್ತಾರೆ. “ಹೋಯ್ತು” ಎಂದು ಎಲ್ಲರೂ ಹೇಳುತ್ತಾರೆ. ಆಮೇಲೆ ಕಾಫಿ.

ಹೊಸಬರಿಗೆ ಅಲ್ಲಿ ಕಲಿಸುವ ಮೊದಲ ಪಾಠ, ಅಂಚು ನೋಡಿ. ನಡುವೆ ಇರುವುದು ತಾನಾಗಿ ಕಾಣುತ್ತದೆ. ಚಿತ್ರ ಕೆಡುವುದು ಅಂಚಿನಲ್ಲಿ. ಅರ್ಧ ಚಪ್ಪಲಿ, ನಾಯಿಯ ಬಾಲ, ಕೇಬಲ್ಲಿನ ತುಂಡು. ಇದರಲ್ಲಿ ಮಾನಸಳನ್ನು ಮೀರಿಸುವವರು ಇರಲಿಲ್ಲ. ಪರದೆಯ ಮೇಲೆ ಚಿತ್ರ ಮೂಡಿ ಐದು ಸೆಕೆಂಡಿನೊಳಗೆ ನಾಲ್ಕು ಅಂಚನ್ನೂ ಸುತ್ತಿ ಬಂದು ತಪ್ಪು ಹಿಡಿಯುತ್ತಿದ್ದಳು. ಅವಳನ್ನು ‘ಅಂಚಿನ ಮೇಡಂ’ ಎಂದು ರೇಗಿಸುತ್ತಿದ್ದರು, ಅವಳಿಗದು ಹಿತವಾಗಿತ್ತು.

ಮಾರ್ಚಿನಲ್ಲಿ ಬಳಗದವರು ಹೇರೋಹಳ್ಳಿಯಲ್ಲಿ ಸುತ್ತಿದ ದಿನ ಅವಳಿಗೆ ಡ್ಯೂಟಿ ಇತ್ತು. ಏಪ್ರಿಲ್ ಸಭೆಯಲ್ಲಿ ಆ ಚಿತ್ರ ಬಂತು. ಬೈರಯ್ಯನ ಅಂಗಡಿ ಎಂದು ನೋಡಿದ ಕ್ಷಣವೇ ತಿಳಿಯಿತು. ತಿಳಿದದ್ದರಿಂದಲೇ ಅವಳು ಇನ್ನಷ್ಟು ಬಿಗಿಯಾದಳು. ನಮ್ಮೂರು ಅಂದ ತಕ್ಷಣ ಕರಗಿಬಿಡುವವಳು ಎಂದು ಯಾರೂ ಅಂದುಕೊಳ್ಳಬಾರದು. ಮೊದಲು ಕೈ ಎತ್ತಿದವಳು ಅವಳೇ.

“ಬೆಳಕು ಚೆನ್ನಾಗಿದೆ. ಆದ್ರೆ ಎಡ ಅಂಚಲ್ಲಿ ಯಾರೋ ಅಡ್ಡ ಕೂತಿದಾನೆ, ಫೋಕಸ್ಸಲ್ಲೂ ಇಲ್ಲ. ಈ ಚಿತ್ರದ ಜೀವ ಇರೋದು ಖಾಲಿ ಕುರ್ಚಿಯಲ್ಲಿ. ಅವನು ಬೇಡ. ತೆಗೆದುಬಿಡಿ.”

“ಕ್ರೂರ ಕಣ್ಣು ಕಣ್ರೀ ಮಾನಸಂದು,” ಎಂದು ಮಾಲವಿಕಾ ನಕ್ಕಿದ್ದಳು. ಎಲ್ಲರೂ ತಲೆಯಾಡಿಸಿದ್ದರು. ದಿನಕ್ಕೆ ಹತ್ತು ಕೈಗಳ ಮೂಳೆ ನೋಡುವವಳು, ಪರದೆಯ ಮೇಲೆ ಬುಟ್ಟಿಯಷ್ಟು ದೊಡ್ಡದಾಗಿ ಎತ್ತಿ ಹಿಡಿದಿದ್ದ ಆ ಕೈಯನ್ನು ನೋಡಲಿಲ್ಲ. ಅಂಚು ನೋಡಿದಳು. ಸಭೆ ಮುಗಿಸಿ ಮನೆಗೆ ಹೋದಾಗ ಗೇಟು ತೆಗೆದವನು ಅವನೇ.

ದೇವೇಂದ್ರಪ್ಪ ಪಂಚೆಯಲ್ಲೇ ಬಾಗಿಲಿಗೆ ಬಂದರು. ಹಾವೇರಿಯ ಕಡೆಯವರು, ಸರ್ಕಾರಿ ನೌಕರಿಯಲ್ಲಿ ಮೂವತ್ತು ವರ್ಷ ಬೆಂಗಳೂರಿನಲ್ಲಿ ಕಳೆದು ಬಸವೇಶ್ವರನಗರದಲ್ಲಿ ಮನೆ ಕಟ್ಟಿದವರು. ದಪ್ಪ ಕನ್ನಡಕದ ಹಿಂದೆ ಕಣ್ಣು ಯಾವಾಗಲೂ ಆಶ್ಚರ್ಯಪಟ್ಟಂತೆ ಕಾಣುತ್ತಿತ್ತು.

“ಅರೆ, ಚಿತ್ರ ಯಾಕೆ ಹೊತ್ಕೊಂಡ್ ಬಂದ್ರಿ? ಗಾಜು ಒಡೀತೇನು?”

ಮಾನಸ ಒಳಗೆ ಹೋಗಿ ಫ್ರೇಮನ್ನು ಊಟದ ಮೇಜಿನ ಮೇಲೆ, ಮಜ್ಜಿಗೆ ಲೋಟದ ಪಕ್ಕದಲ್ಲೇ ಇಟ್ಟಳು. ಕನ್ನಡಿಯ ಮೂಲೆಗೆ ಬೆರಳಿಟ್ಟಳು. ದೇವೇಂದ್ರಪ್ಪ ಕನ್ನಡಕ ಹಣೆಗೇರಿಸಿ ಬಗ್ಗಿದರು. ಅವರ ಮುಖ ಬಾಡಿತು. ಒಂದು ಗಳಿಗೆ ಅವಳಿಗೆ, ಇವರಿಗೆ ಅರ್ಥವಾಯಿತು ಎನ್ನಿಸಿತು.

“ಛೇ, ಛೇ, ಛೇ. ಪ್ರತಿಬಿಂಬ ಉಳಿದುಬಿಟ್ಟಿದೆ. ಇದನ್ನ ಹೆಂಗ್ ಬಿಟ್ಟೆ ನಾನು?” ದನಿ ತಗ್ಗಿತು. “ಯಾರಿಗೂ ಹೇಳಿಲ್ಲ ತಾನೆ? ಈಗ ಎರಡೂವರೆ. ಹತ್ತು ನಿಮಿಷದಾಗೆ ಅಳಿಸ್ತೀನಿ, ರಾಜಾಜಿನಗರದಲ್ಲಿ ಅರ್ಧ ಗಂಟೇಲಿ ಪ್ರಿಂಟ್ ಹಾಕ್ಕೊಡ್ತಾರೆ. ಒಳ್ಳೆ ಕಣ್ಣಮ್ಮಾ ನಿಂದು, ಮರ್ಯಾದೆ ಉಳಿಸಿದಿ.”

“ಅದನ್ನ ಮುಟ್ಟಬೇಡಿ.”

“ಅಲ್ಲಮ್ಮಾ, ಐದು ಗಂಟೆಗೆ...”

“ಅದು ನಮ್ಮಪ್ಪನ ಕೈ.”

ಒಳಗಿಂದ ಮಂಡಕ್ಕಿಯ ತಟ್ಟೆ ಹಿಡಿದು ಬರುತ್ತಿದ್ದ ಅವರ ಹೆಂಡತಿ ಜಗದಾಂಬಾ ಬಾಗಿಲಲ್ಲೇ ನಿಂತರು. ದೇವೇಂದ್ರಪ್ಪ ಕನ್ನಡಕ ಕೆಳಗಿಳಿಸಿ ಮೊದಲು ಅವಳನ್ನು, ಆಮೇಲೆ ಚಿತ್ರವನ್ನು ನೋಡಿದರು. ಜೂನಿನಲ್ಲಿ ಅವರು ಹಾವೇರಿಯ ಊರಲ್ಲಿದ್ದರು; ಬಳಗದ ವಾಟ್ಸಾಪ್ ಗುಂಪಿನಲ್ಲಿ ಕೈ ಮುಗಿದ ಚಿಹ್ನೆ ಕಳಿಸಿದ್ದರು, ಅಷ್ಟೆ.

“ಬೆಂಚಿನ ಮೇಲೆ ಕೂತಿದ್ದವರಾ? ಆ ನಗೋ ಮನುಷ್ಯ?”

“ನಗ್ತಿದ್ರಾ?”

“ಅಯ್ಯೋ, ಬಾಯ್ತುಂಬ. ಕಾಫಿಗೆ ಕರೆದ್ರು ನನ್ನ.” ಅವರು ಕುರ್ಚಿ ಎಳೆದು ಕೂತರು. “ಅವರು ನಿಮ್ಮ ತಂದೆ ಅಂತ ನನಗೆ ಹೆಂಗ್ ಗೊತ್ತಾಗಬೇಕು ಹೇಳು.”

“ಒರಿಜಿನಲ್ ಕೊಡಿ ಸಾರ್. ಅಷ್ಟೇ ಬೇಕಿರೋದು ನಂಗೆ. ಅಳಿಸೋಕೆ ಮುಂಚಿನ ಫೈಲು.”

ದೇವೇಂದ್ರಪ್ಪ ಎದ್ದು ಲ್ಯಾಪ್‌ಟಾಪ್ ತಂದರು, ಅದು ತೆರೆದುಕೊಳ್ಳುವ ತನಕ ಬೆರಳುಗಳಿಂದ ಮೇಜು ಬಡಿಯುತ್ತಿದ್ದರು. ‘ಹೇರೋಹಳ್ಳಿ, ಮಾರ್ಚ್’ ಎಂಬ ಫೋಲ್ಡರು. ಅದರಲ್ಲಿ ಒಂದೇ ಒಂದು ಫೈಲು, ಖಾಲಿ ಕುರ್ಚಿ.

“ಉಳಿದಿದ್ದು?”

“ಒಂದು ಸುತ್ತಾಟಕ್ಕೆ ಒಂದೇ ಚಿತ್ರ ಇಟ್ಕೋತೀನಿ ನಾನು. ರೋಲ್ ಕ್ಯಾಮೆರಾ ಕಾಲದ ಶಿಸ್ತು. ಮಿಕ್ಕಿದ್ದು ಅವತ್ತೇ ಡಿಲೀಟು. ಮತ್ತೆ ಎರಡೆರಡು ಕಾಪಿ ಇಟ್ಕೊಳ್ಳೋ ಅಭ್ಯಾಸ ಇಲ್ಲ. ಅದೇ ಫೈಲ್ ಮೇಲೇ ಕೆಲಸ ಮಾಡ್ತೀನಿ, ಸೇವ್ ಒತ್ತುತ್ತೀನಿ, ಹಳೇದು ಹೋಗುತ್ತೆ.”

“ಸೇವ್ ಆಸ್ ಅಂತ ಒಂದಿರುತ್ತಲ್ಲ ಸಾರ್,” ಎಂದ ಕೊಟ್ರೇಶ್, ತನ್ನಷ್ಟಕ್ಕೇ.

ಮೆಮೊರಿ ಕಾರ್ಡು ತರಿಸಿದರು. ಕೊಟ್ರೇಶ್ ಸ್ಕೂಟರಿನ ಡಿಕ್ಕಿಯಲ್ಲಿದ್ದ ತನ್ನ ಲ್ಯಾಪ್‌ಟಾಪಿಗೆ ಹಾಕಿ, ಅಳಿಸಿದ್ದನ್ನು ಹುಡುಕುವ ಸಾಫ್ಟ್‌ವೇರ್ ಓಡಿಸಿದ. ಮುಕ್ಕಾಲು ಗಂಟೆ ಅದು ಓಡಿತು. ಸಿಕ್ಕಿದ್ದು ಜುಲೈನ ಮದುವೆಯೊಂದರ ಅರ್ಧ ತುಂಡಾದ ಊಟದ ಪಂಕ್ತಿ, ಲಾಲ್‌ಬಾಗಿನ ಒಂದು ಗುಲಾಬಿ. ಮಾರ್ಚಿನದು ಏನೂ ಇರಲಿಲ್ಲ. ಏಪ್ರಿಲ್ ಸಭೆಗೆ ಪೆನ್‌ಡ್ರೈವಿನಲ್ಲಿ ಕೊಟ್ಟ ಒಂದು ಪ್ರತಿ ಇತ್ತಲ್ಲ ಎಂದು ಮಾನಸ ಕೊಟ್ರೇಶನ ಮುಖ ನೋಡಿದಳು. ಅವನು ತಲೆ ತಗ್ಗಿಸಿದ.

“ಅವತ್ತೇ ಅಳಿಸಿದ್ನಲ್ಲ, ಪೆನ್‌ಡ್ರೈವ್ ಸಮೇತ. ಎಲ್ರೂ ‘ಹೋಯ್ತು’ ಅಂದ್ರಲ್ಲ.”

ಅಷ್ಟು ಹೊತ್ತು ನಿಂತೇ ಇದ್ದ ಮಾನಸಳ ದನಿ ಏರಿತು. “ಕುರ್ಚಿ ಕಂಡಿದೆ ನಿಮಗೆ. ಬಿಸಿಲು ಕಂಡಿದೆ. ಕಾಫಿಗೆ ಕರೆದಿದಾರೆ ನಿಮ್ಮನ್ನ, ಕೈ ಎತ್ತಿ. ಆ ಕೈಯನ್ನ ನಾವ್ಯಾರೂ ಫೋಟೋದಲ್ಲಿ ನೋಡಿಲ್ಲ ಸಾರ್, ಇಪ್ಪತ್ತೈದು ವರ್ಷದಿಂದ ನೋಡಿಲ್ಲ. ನಿಮಗೆ ತೋರಿಸಿದಾರೆ. ನೀವು ಮನೆಗೆ ಬಂದು, ಕೂತು, ಒಂದೊಂದೇ ಚುಕ್ಕೆ ಅಳಿಸಿ ಅಲ್ಲಿ ಗೋಡೆ ಬಳಿದಿದೀರ. ಮನುಷ್ಯ ಅಂತ ಒಂದು ಸಲನೂ ಅನ್ನಿಸ್ಲೇ ಇಲ್ವಾ?”

ದೇವೇಂದ್ರಪ್ಪನವರ ಕಿವಿ ಕೆಂಪಾಯಿತು. ಎದ್ದು ಕಪಾಟಿನಿಂದ ಒಂದು ಡೈರಿ ತೆಗೆದರು. ಪ್ರತಿ ಸಭೆಯಲ್ಲೂ ತಮ್ಮ ಚಿತ್ರದ ಬಗ್ಗೆ ಯಾರು ಏನೆಂದರು ಎಂದು ಬರೆದಿಟ್ಟುಕೊಳ್ಳುವುದು ಅವರ ರೂಢಿ. ಕಚೇರಿಯ ಟಿಪ್ಪಣಿಯಂತೆ ದುಂಡು ಅಕ್ಷರ. ಏಪ್ರಿಲ್ ಪುಟ ತೆರೆದು ಅವಳ ಮುಂದಿಟ್ಟರು.

‘ಮಾನಸ: ಬೆಳಕು ಉತ್ತಮ. ಎಡಗಡೆ ಮನುಷ್ಯ ಬೇಡ. ತೆಗೆಯುವುದು.’ ಕೆಳಗೆ ಕೆಂಪು ಶಾಯಿಯಲ್ಲಿ ಒಂದು ಗೆರೆ. ಪಕ್ಕದಲ್ಲಿ: ‘ಸರಿಯಾದ ಮಾತು.’

“ನನಗೆ ಅನ್ನಿಸ್ಲಿಲ್ಲ, ಒಪ್ಕೋತೀನಿ,” ಎಂದರು. “ನಿನಗೆ ಅನ್ನಿಸ್ತಾ?”

ಜಗದಾಂಬಾ, “ನೀವು ಸುಮ್ಮನಿರ್ರಿ,” ಎಂದರು. ಕೊಟ್ರೇಶ್ ಗೋಡೆಯ ಕ್ಯಾಲೆಂಡರ್ ನೋಡತೊಡಗಿದ. ಮಾನಸ ಆ ಸಾಲನ್ನು ಇನ್ನೊಮ್ಮೆ ಓದಿದಳು. ಡೈರಿಯನ್ನು ಹರಿಯಬೇಕು ಅನ್ನಿಸಿತು, ಆ ದುಂಡು ಅಕ್ಷರದ ಮುಖಕ್ಕೆ ಮಜ್ಜಿಗೆ ಚೆಲ್ಲಬೇಕು ಅನ್ನಿಸಿತು. ಏನು ಮಾಡಿದರೂ ಆ ಮಾತು ತನ್ನ ಬಾಯಿಂದ ಬಂದದ್ದೇ. ಅವಳು ಡೈರಿ ಮುಚ್ಚಿ ಅವರ ಕಡೆಗೆ ತಳ್ಳಿದಳು, ಅದು ಮೇಜು ದಾಟಿ ನೆಲಕ್ಕೆ ಬಿತ್ತು. ಯಾರೂ ಎತ್ತಿಕೊಳ್ಳಲಿಲ್ಲ.

ದೇವೇಂದ್ರಪ್ಪ ಕೆಟ್ಟವರಲ್ಲ. ಕುರ್ಚಿಯನ್ನು ಲ್ಯಾಪ್‌ಟಾಪಿನ ಹತ್ತಿರ ಎಳೆದುಕೊಂಡರು.

“ಒಂದು ದಾರಿ ಇದೆ. ಈಗ ಎಐ ಬಂದಿದೆಯಲ್ಲ. ಜಾಗ ಗುರುತು ಮಾಡಿ, ಇಂಥ ಮನುಷ್ಯ ಬೇಕು ಅಂದ್ರೆ ಕೂಡಿಸುತ್ತೆ. ಮುಖದ್ದೊಂದು ಫೋಟೋ ಕೊಟ್ರೆ ಸಾಕು. ಅವರು ಎಲ್ಲಿ ಕೂತಿದ್ರು, ಹೆಂಗ್ ಕೂತಿದ್ರು, ನನಗೆ ಕಣ್ಣಿಗೆ ಕಟ್ಟಿದಂಗಿದೆ. ವಾಪಸ್ ತರ್ತೀನಿ.”

“ನನ್ ಹತ್ರ ಫೋಟೋ ಇಲ್ಲ.”

“ನನ್ ಹತ್ರ ಇದೆ,” ಎಂದ ಕೊಟ್ರೇಶ್. ಸಹಾಯ ಮಾಡುವ ಆತುರದಲ್ಲಿ ಅವನು ಮೊಬೈಲು ತೆಗೆದಾಗಿತ್ತು. “ಫ್ಲೆಕ್ಸ್‌ದು. ಅವತ್ತು ಸ್ಟೇಟಸ್‌ಗೆ ಹಾಕಿದ್ದೆ.”

ಮಾನಸ ತಡೆಯಬಹುದಿತ್ತು, ತಡೆಯಲಿಲ್ಲ. ನಗುವ ಅಪ್ಪ ಹೇಗಿರುತ್ತಾನೆ ಎಂದು ನೋಡುವ ಆಸೆ ಅವಳನ್ನು ಅಲ್ಲೇ ಹಿಡಿದು ನಿಲ್ಲಿಸಿತ್ತು. ಆ ಆಸೆಯ ಮೇಲೂ ಅವಳಿಗೆ ಸಿಟ್ಟು ಬಂತು.

ದೇವೇಂದ್ರಪ್ಪ ಎಡ ಅಂಚಿನಲ್ಲಿ ಒಬ್ಬ ಮನುಷ್ಯನಷ್ಟು ಜಾಗ ಸುತ್ತಿ ಗೆರೆ ಎಳೆದರು. ಎರಡು ಬೆರಳಿನಲ್ಲಿ ನಿಧಾನವಾಗಿ ಟೈಪ್ ಮಾಡಿದರು: ನಗುವ ಹಿರಿಯ, ಬೆಂಚು, ಕಾಫಿ ಲೋಟ. ಪಟ್ಟಿಯೊಂದು ತುಂಬುತ್ತಾ ಹೋಯಿತು. ಮೂರು ಬಗೆ ಬಂದವು. ಮೊದಲನೆಯವನಿಗೆ ಮೀಸೆ ಹೆಚ್ಚಾಗಿತ್ತು. ಎರಡನೆಯವನು ಯಾರೋ ಮಂತ್ರಿಯ ಹಾಗಿದ್ದ. ಮೂರನೆಯದಕ್ಕೆ ಜಗದಾಂಬಾ ಕೂಡ ಹತ್ತಿರ ಬಂದು ನೋಡಿದರು.

ಆಧಾರ್ ಕಾರ್ಡಿನ ಮುಖವೇ. ಆದರೆ ಬೂದಿ ಹೋಗಿತ್ತು. ಕಣ್ಣಿನ ಅಂಚಿನಲ್ಲಿ ಸುಕ್ಕು, ಬಾಯಿ ತೆರೆದ ನಗು, ಹಲ್ಲುಗಳು ಸಾಲಾಗಿ, ಬೆಳ್ಳಗೆ. ಎತ್ತಿದ ಕೈಯಲ್ಲಿ ಲೋಟ.

“ನೋಡಮ್ಮಾ,” ಎಂದರು ದೇವೇಂದ್ರಪ್ಪ, ನಿಜವಾಗಿ ಸಂತೋಷಪಟ್ಟು. “ಕೈ ನೋಡು, ಎಷ್ಟು ನೀಟಾಗಿ ಬಂದಿದೆ. ಮೊದಲೆಲ್ಲ ಇದಕ್ಕೆ ಕೈ ಮಾಡಕ್ಕೇ ಬರ್ತಿರಲಿಲ್ಲ, ಆರು ಬೆರಳು, ಏಳು ಬೆರಳು. ಈಗ ಸರಿಯಾಗಿ ಐದು. ಕನ್ನಡಿ ಒಳಗಿನ ಕೈಯನ್ನೂ ಇದಕ್ಕೆ ಹೊಂದಿಸ್ತೀನಿ, ತಡಿ.” ಮೂಲೆಗೆ ಗೆರೆ ಎಳೆದರು, ಒತ್ತಿದರು. ಕನ್ನಡಿಯ ಒಳಗಿನ ಮೂರು ಬೆರಳು ಮಸುಕಾಗಿ, ಕರಗಿ, ಐದಾಗಿ ಮೇಲೆದ್ದವು. “ಈಗ ಯಾರಿಗೂ ಅನುಮಾನ ಬರಂಗಿಲ್ಲ.”

“ಸಾರ್,” ಎಂದ ಕೊಟ್ರೇಶ್. “ಬೆರಳು.”

“ಏನಾಯ್ತು ಬೆರಳಿಗೆ?”

“ಅವರಿಗೆ ಮೂರೇ ಇದ್ದಿದ್ದು.”

ದೇವೇಂದ್ರಪ್ಪ ಮೇಜಿನ ಮೇಲಿದ್ದ ಫ್ರೇಮನ್ನು ನೋಡಿದರು, ಪರದೆಯನ್ನು ನೋಡಿದರು. ಈ ಸಲ ಅವರು ನಿಜವಾಗಿ ಎಣಿಸಿದರು. ಮುಖಕ್ಕೆ ಬೆವರು ಬಂತು, ಶಲ್ಯದಿಂದ ಒರೆಸಿಕೊಂಡರು.

“ಎರಡು ತೆಗೀಬಹುದು. ಅದೇನು ದೊಡ್ಡದಲ್ಲ, ಎರಡೂ ಕಡೆ ತೆಗೀತೀನಿ.” ಅವಳ ಮುಖ ನೋಡಿ ಅವಸರವಾಗಿ ಮುಂದುವರಿಸಿದರು. “ಅಥವಾ ಹಿಂಗೇ ಇರಲಿ. ಇದೂ ಒಂದು ಥರಾ ಒಳ್ಳೇದೇ ಅಲ್ವೇನಮ್ಮಾ? ಪಾಪ, ಜೀವಮಾನ ಇಡೀ ಆ ಕೈ ಮುಚ್ಚಿಟ್ಕೊಂಡವರು. ಇದರಲ್ಲಿ ಪೂರ್ತಿ ಇದೆ. ದೊಡ್ಡ ಪ್ರಿಂಟ್ ಹಾಕಿಸ್ತೀನಿ, ಫ್ರೇಮು ನನ್ನದೇ. ಇವತ್ತು ಹಾಲ್‌ನಲ್ಲಿ ಇದನ್ನೇ ನೇತು ಹಾಕೋಣ, ಕೆಳಗೆ ಅವರ ಹೆಸರು. ಪ್ರೈಜ್ ನೀನೇ ತಗೋ. ನಿಮ್ಮ ನೆಂಟರು ಗಿಂಟರು ಯಾರಾದ್ರೂ ಬಂದು ನೋಡ್ಲಿ.”

ಪರದೆಯ ಮೇಲಿನ ಮನುಷ್ಯ ಐದೂ ಬೆರಳು ತೋರಿಸಿಕೊಂಡು ನಗುತ್ತಲೇ ಇದ್ದ. ಯಾರಿಂದಲೂ ಏನನ್ನೂ ಮುಚ್ಚಿಡಬೇಕಿಲ್ಲದವನ ನಗು. ಯಾವ ಮೆಷಿನ್ನನ್ನೂ ಮುಟ್ಟದವನು. ಮಗಳ ಕ್ಯಾಮೆರಾ ಕಂಡು ಎದ್ದು ಹೋಗದವನು. ಗೇಟು ತೆಗೆಯಲು ಬಂದವನಲ್ಲ ಇವನು. ಮಾನಸ ಮೇಜಿನ ಮೇಲಿದ್ದ ಫ್ರೇಮನ್ನು ಎರಡೂ ಕೈಯಿಂದ ಎತ್ತಿಕೊಂಡು ಕಂಕುಳಿಗೆ ಸೇರಿಸಿದಳು.

ದೇವೇಂದ್ರಪ್ಪನವರ ಬೆರಳು ಗುಂಡಿಯ ಮೇಲಿತ್ತು. ಅದೇ ಫೋಲ್ಡರು, ಮೂರು ಬೆರಳಿದ್ದ ಅದೇ ಒಂದು ಫೈಲು.

“ಸೇವ್ ಮಾಡ್ಲಾ?”

“ಬೇಡ,” ಎಂದಳು ಮಾನಸ.